ಹಳೂ ನಡೆಯುವ ಮಷೀನು

ಅವನು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಬರೆದುಕೊಟ್ಟವನು ನಾನೇ. ಹೆಸರು, ವಯಸ್ಸು, ಹುಟ್ಟಿದ ಊರು, ಹಿಂದೆ ಬಿಟ್ಟುಹೋದವರು, ಮಣ್ಣು ಮಾಡಿದ ಜಾಗ. ಸುದ್ದಿಗೆ ಎಷ್ಟು ಬೇಕೋ ಅಷ್ಟು. ಅವೆಲ್ಲ ಅಚ್ಚಾಗಿರುವುದರಿಂದ ಅವುಗಳಲ್ಲಿ ಹೆಚ್ಚಿನವು ಇಲ್ಲಿ ಇರುವುದಿಲ್ಲ. ಅಚ್ಚಾಗದೆ ಉಳಿದದ್ದು ಒಂದು: ತೊಂಬತ್ತರ ದಶಕದುದ್ದಕ್ಕೂ ನಾವಿಬ್ಬರೂ ಒಂದೇ ಪತ್ರಿಕೆಯಲ್ಲಿ ದುಡಿದೆವು, ಮತ್ತು ಅಷ್ಟೂ ಕಾಲ ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಇಲ್ಲ ಎಂದು ಬರೆದರೆ ತಪ್ಪು ವರದಿಯಾಗುತ್ತದೆ.

ಪತ್ರಿಕೆ ಸೊಲ್ಲಾಪುರದ್ದು, ಮರಾಠಿ. ಕಚೇರಿಯಲ್ಲಿ ಅರ್ಧಕ್ಕರ್ಧ ಮಂದಿ ಮನೆಯಲ್ಲಿ ಕನ್ನಡ ಆಡುವವರು. ಮರಾಠಿಯಲ್ಲಿ ಬರೆಯುತ್ತಿದ್ದೆವು, ಕನ್ನಡದಲ್ಲಿ ಜಗಳಾಡುತ್ತಿದ್ದೆವು. ತಾಲೂಕಿನ ವರದಿಗಾರರನ್ನು ಹೆಸರು ಹಿಡಿದು ಕರೆಯುವ ರೂಢಿ ಅಲ್ಲಿರಲಿಲ್ಲ. ಅವರು ಸುದ್ದಿ ಕಳಿಸುವ ಊರೇ ಅವರ ಹೆಸರು. "ಅಕ್ಕಲಕೋಟ ಜ್ವರಾ ಬಂದು ಮಲಗ್ಯಾನ" ಎಂದರೆ ಹೊಸಬರು ಗಾಬರಿಯಾಗುತ್ತಿದ್ದರು. ಹೀಗೆ ಅವನು ಅಕ್ಕಲಕೋಟ. ನಾನು ನಗರದ ವರದಿಗಾರನಾದ್ದರಿಂದ ಸಿಟಿ. ಅವನು ಕೊನೆಯತನಕ ನನ್ನನ್ನು ಹಾಗೆಯೇ ಕರೆದ, ಬಹುವಚನ ಬಿಡಲಿಲ್ಲ. ನಾನು ಪತ್ರಿಕೆಗೆ ಸೇರಿದ್ದು ಅವನಿಗಿಂತ ಎರಡು ವರ್ಷ ಮೊದಲು. ಇದನ್ನು ಅವನು ಮರೆಯಲಿಲ್ಲ. ಬೇರೆಯವರು ಮರೆತರು.

ಅವನ ಮನೆತನ ನಾಗಣಸೂರದ್ದು, ಹೊಲದವರು. ನಮ್ಮದು ಮೂರು ತಲೆಮಾರಿನ ಗುಮಾಸ್ತರ ಮನೆ. ನಾನು ಮರಾಠಿಯಲ್ಲಿ ಎಂ.ಎ. ಮಾಡಿದವನು. ಅವನು ಬಿ.ಎ. ಅರ್ಧಕ್ಕೆ ಬಿಟ್ಟವನು. ಅವನ ವರದಿ ಸಂಜೆಯ ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಬರುತ್ತಿತ್ತು. ಒಮ್ಮೆ ನಾನು ನಗರಪಾಲಿಕೆಯ ಸಭೆಯ ಬಗ್ಗೆ ಎರಡು ಕಾಲಂ ಬರೆದಿದ್ದೆ. ಅದೇ ಸಂಜೆ ಅವನ ಲಕೋಟೆಯಲ್ಲಿ ನಾಲ್ಕು ವಾಕ್ಯ ಬಂದವು. ಗಡಿಯ ಒಂದು ಹಳ್ಳಿಯ ಶಾಲೆಗೆ ಹೊಸ ಕರಿಹಲಗೆ ಬಂದಿದೆ. ಅದನ್ನು ಎಷ್ಟು ಎತ್ತರಕ್ಕೆ ಹೊಡೆದಿದ್ದಾರೆಂದರೆ ಮಾಸ್ತರರ ಕೈ ಎಟುಕುವುದಿಲ್ಲ. ಹಳೆಯದನ್ನು ಯಾರೋ ಒಯ್ದಿದ್ದಾರೆ. ಮಾಸ್ತರರು ಬಾಯಿಂದಲೇ ಬರೆಯಿಸುತ್ತಿದ್ದಾರೆ. ಮರುದಿನ ಆ ನಾಲ್ಕು ವಾಕ್ಯ ಮೊದಲ ಪುಟದಲ್ಲಿ ಚೌಕಟ್ಟು ಕಟ್ಟಿಸಿಕೊಂಡು ಕೂತಿದ್ದವು. ನನ್ನ ಎರಡು ಕಾಲಂ ಅರ್ಧವಾಗಿ ಐದನೇ ಪುಟಕ್ಕೆ ಹೋಗಿತ್ತು.

ಅವನಿಗೆ ಒಂದು ಚಟವಿತ್ತು. ಯಾವ ವಸ್ತುವನ್ನೇ ಕೊಡಿ, ಮೊದಲು ಕಿವಿಗೆ ಹಚ್ಚುತ್ತಿದ್ದ. ಗಡಿಯಾರ, ಟಾರ್ಚು, ಕಲ್ಲಂಗಡಿ, ಒಮ್ಮೆ ಹೊಸ ಚಪ್ಪಲಿ ಸಹ. ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ ಅವನಿಗೊಂದು ಬಾಕು, ಅಂದರೆ ಕೂರುವ ಬೆಂಚು, ಕಾಯಂ. ಏನಾದರೂ ಕೊಳ್ಳಬೇಕಾದವರು ಅಲ್ಲಿಗೆ ಬರುತ್ತಿದ್ದರು. ವಾಗದರಿಯ ಒಬ್ಬ ರೈತ ಎರಡು ರೇಡಿಯೋ ತಂದು ಮುಂದಿಟ್ಟದ್ದನ್ನು ನಾನೇ ನೋಡಿದ್ದೇನೆ. ಒಂದನ್ನು ಅಂಗಡಿಗೆ ಮರಳಿಸಬೇಕಿತ್ತು.

"ಯಾವದ ಇಟ್ಕೊಳ್ಲಿ ಹೇಳ್ರಿ, ಅಣ್ಣಾರ."

"ತಡೀರಿ. ಎರಡೂ ಮಾತಾಡ್ಲಿ."

ಎರಡನ್ನೂ ಹಚ್ಚಿದ. ಒಂದನ್ನು ಎಡಗಿವಿಗೆ, ಒಂದನ್ನು ಬಲಗಿವಿಗೆ ಹಿಡಿದು ಕಣ್ಣು ಮುಚ್ಚಿ ಕೂತ. ರೈತನಿಗೆ ತಡೆಯಲಾಗಲಿಲ್ಲ.

"ಈ ಕೆಂಪಂದು ದನಿ ಭಾಳ ಮಾಡತದ, ಹೌದಲ್ರಿ?"

"ಹೂಂ."

"ಆದರ ಕರೇದರ ಧ್ವನಿ ನಮ್ಮವ್ವಗ ತಿಳೀತದ."

"ಹೂಂ."

"ಹಂಗಾರ ಕರೇದ ಇರ್ಲಿ ಅಂತೀರಿ?"

"ನಾ ಎಲ್ಲಿ ಅಂದೆರಿ? ನೀವ ಅಂದ್ರಿ."

ರೈತ ಕೈಮುಗಿದು ಹೋದ. ಊರಿಗೆ ಹೋಗಿ, ಅಕ್ಕಲಕೋಟದ ಅಣ್ಣಾರು ಬರೋಬ್ಬರಿ ಹೇಳಿದರು ಎಂದು ಹೇಳಿರುತ್ತಾನೆ. ಅವನು ವರದಿ ಮಾಡುತ್ತಿದ್ದದ್ದೂ ಹೀಗೆಯೇ. ಎರಡು ಕಡೆಯವರನ್ನೂ ಮಾತಾಡಲು ಬಿಟ್ಟು ಸುಮ್ಮನೆ ಕೂರುತ್ತಿದ್ದ. ಇದನ್ನು ನಾನು ಅಂದೇ ಗಮನಿಸಿದ್ದೆ. ಗಮನಿಸಿದ್ದು ನನ್ನ ಉಪಯೋಗಕ್ಕೆ ಬರಲಿಲ್ಲ.

ಲ್ಯಾಪ್‌ಟಾಪಿನ ಮಾತು ಬಂದದ್ದು ತೊಂಬತ್ತೇಳರ ಸುಮಾರಿಗೆ. ಪತ್ರಿಕೆಯ ಮಾಲೀಕರೇ ಸಂಪಾದಕರು. ಎಲ್ಲರ ಬಾಯಲ್ಲಿ ಅವರು ಸಾಹುಕಾರರು. ಚಾದರ ನೇಯುವ ಪವರ್‌ಲೂಮ್ ಕಾರಖಾನೆ ಅವರ ಮೊದಲ ಕಸುಬು, ಪತ್ರಿಕೆ ಎರಡನೆಯದು. ಒಂದು ದಿನ ನಮ್ಮಿಬ್ಬರನ್ನೂ ಕರೆಸಿದರು.

"ಮಡಚೂ ಕಂಪ್ಯೂಟರ ತಗೋಳಾಕತ್ತೀನಿ. ಒಂದ ಒಂದು. ಜಿಲ್ಲಾ ಪ್ರತಿನಿಧಿ ಅಂತ ಒಬ್ಬನ್ನ ಮಾಡ್ತೀನಿ, ಅವನ ಕೈಯಾಗ ಕೊಡ್ತೀನಿ. ಅಂವ ಊರೂರು ತಿರಗಬೇಕು, ಇದ್ದಲ್ಲಿಂದನ ಫೋನಿನ ತಂತಿ ಹಚ್ಚಿ ಬಾತ್ಮಿ ಕಳಸಬೇಕು."

"ಯಾರನ್ನ ಮಾಡ್ತೀರಿ?" ಎಂದು ನಾನು ಕೇಳಿದೆ.

"ಇಬ್ರೊಳಗ ಒಬ್ಬನ್ನ. ಮೊದಲ ಇಬ್ರೂ ಕೂಡಿ ಹೋಗಿ ಮಷೀನ ನೋಡಿ ಬರ್ರಿ. ಯಾವದ ಛಲೋ ಹೇಳ್ರಿ. ಆಮ್ಯಾಲ ನೋಡೂಣು."

ನಗರದ ಸುದ್ದಿಗಳು 'ನಮ್ಮ ಪ್ರತಿನಿಧಿಯಿಂದ' ಎಂಬ ತಲೆಬರಹದ ಕೆಳಗೆ ಅಚ್ಚಾಗುತ್ತಿದ್ದವು. ಜಿಲ್ಲಾ ಪ್ರತಿನಿಧಿಯದು ಸ್ವಂತ ಹೆಸರಿನಿಂದ, ಮೊದಲ ಪುಟದಲ್ಲಿ. ಕೋರ್ಟಿನ ಕಟ್ಟೆ, ಪಾಲಿಕೆಯ ಮೆಟ್ಟಿಲು ಬಿಟ್ಟು ಜಿಲ್ಲೆಯೆಲ್ಲ ತಿರುಗುವ ಕೆಲಸ. ನಾನು ಅದಕ್ಕಾಗಿ ಕಾದಿದ್ದೆ. ಮಷೀನು ಯಾರಿಗೆ ತಿಳಿಯುತ್ತದೋ ಅದು ಅವರಿಗೇ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಪುಟ ಕಟ್ಟುವ ಕೋಣೆಯಿಂದ ಕಂಪ್ಯೂಟರಿನ ಇಂಗ್ಲಿಷ್ ಮಾಸಿಕಗಳನ್ನು ತಂದು ಓದಿದೆ. ಪ್ರೊಸೆಸರ್ ಎಂದರೇನು, ಅದರ ವೇಗವನ್ನು ಮೆಗಾಹರ್ಟ್ಸಿನಲ್ಲಿ ಯಾಕೆ ಹೇಳುತ್ತಾರೆ, ರ್‍ಯಾಮ್ ಹೆಚ್ಚಿದ್ದರೆ ಏನು ಲಾಭ, ಎಲ್ಲ ಬಾಯಿಪಾಠವಾಯಿತು. ಹೆಂಡತಿಗೆ ಹೇಳಿ ನೋಡಿದೆ. ಪ್ರೊಸೆಸರ್ ಅಂದರೆ ಅಡುಗೆ ಮಾಡುವವಳ ಕೈ, ರ್‍ಯಾಮ್ ಅಂದರೆ ಅಡುಗೆಕಟ್ಟೆ, ಹಾರ್ಡ್ ಡಿಸ್ಕ್ ಅಂದರೆ ಕಪಾಟು. "ಕೈ ಚುರುಕಿದ್ದು ಕಟ್ಟಿ ಸಣ್ಣದಿದ್ದರ ಏನೂ ಆಗೂದಿಲ್ಲ" ಎಂದಳು. ಸರಿಯಾಗಿಯೇ ತಿಳಿದುಕೊಂಡಿದ್ದಳು.

ನವೀ ಪೇಠದ ಅಂಗಡಿಯಲ್ಲಿ ಎರಡು ಮಷೀನು ತೋರಿಸಿದರು. ಒಂದರದು ನೂರಾ ಅರವತ್ತಾರು ಮೆಗಾಹರ್ಟ್ಸಿನ ಪೆಂಟಿಯಂ, ಚಿತ್ರ ಧ್ವನಿಗಳ ಕೆಲಸಕ್ಕೆಂದು ಹೊಸದಾಗಿ ಬಂದ ಎಂಎಂಎಕ್ಸ್ ಜಾತಿಯದು. ಮೂವತ್ತೆರಡು ಎಂಬಿ ರ್‍ಯಾಮ್, ಎರಡು ಜಿಬಿ ಡಿಸ್ಕು, ಯಾವ ಕಡೆಯಿಂದ ನೋಡಿದರೂ ಢಾಳಾಗಿ ಕಾಣುವ ಪರದೆ. ಇನ್ನೊಂದು ನೂರಾ ಮೂವತ್ತಮೂರರ ಸಾದಾ ಪೆಂಟಿಯಂ. ರ್‍ಯಾಮೂ ಡಿಸ್ಕೂ ಅರ್ಧ. ಪರದೆ ಎದುರಿಗೆ ಕೂತವನಿಗೆ ಮಾತ್ರ ಕಾಣುತ್ತಿತ್ತು, ಪಕ್ಕದವನಿಗೆ ಬೂದಿ ಬಳಿದ ಹಾಗೆ. ಅಂಗಡಿಯವನು ಮರಾಠಿಯಲ್ಲಿ ಹೇಳಿದ: "ಹಾ ಜರಾ ಹಳೂ ಆಹೇ." ಇದು ಸ್ವಲ್ಪ ನಿಧಾನ ಎಂದು.

ಈ ಹಳೂ ಎಂಬ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಸೀಮೆಯ ಕನ್ನಡದಲ್ಲಿಯೂ ಅದಿದೆ. ಹಳೂ ಎಂದರೆ ನಿಧಾನ, ಹಾಗೆಯೇ ಮೆಲ್ಲಗೆ, ನಯವಾಗಿ, ಜೋಪಾನವಾಗಿ. ಬೀಗರನ್ನು ಕಳಿಸುವಾಗ "ಹಳೂಕ ಹೋಗ್ರಿ" ಎನ್ನುತ್ತೇವೆ. ತಡಮಾಡಿ ಊರು ಮುಟ್ಟಿರಿ ಎಂಬುದು ಅದರ ಅರ್ಥವಲ್ಲ.

ನಾನು ಓದಿದ್ದನ್ನೆಲ್ಲ ಅಂಗಡಿಯವನ ಮುಂದೆ ಹೇಳಿ ಮುಗಿಸಿದ ಮೇಲೆ ಅಕ್ಕಲಕೋಟ ನೂರಾ ಅರವತ್ತಾರನ್ನು ಎತ್ತಿ ಕಿವಿಗೆ ಹಚ್ಚಿದ. ಅಂಗಡಿಯವನು ನನ್ನ ಮುಖ ನೋಡಿದ. ನಾನು ಬೀದಿ ನೋಡಿದೆ.

"ಇದು ತೇಕತದ್ರಿ" ಎಂದ.

"ಒಳಗ ಫ್ಯಾನ್ ಅದ. ಪ್ರೊಸೆಸರ್ ಜೋರ ಓಡಿದರ ಕಾಯತದ, ಅದನ್ನ ತಣ್ಣಗ ಮಾಡಾಕ" ಎಂದೆ.

"ಹೌದಾ." ಇನ್ನೊಂದನ್ನು ಹಚ್ಚಿದ. "ಇದು ಮಲಗೇದ." ನಂತರ ಅಂಗಡಿಯವನಿಗೆ ಒಂದೇ ಪ್ರಶ್ನೆ ಕೇಳಿದ. ಕರೆಂಟು ಹೋದರೆ ಯಾವುದು ಎಷ್ಟು ಹೊತ್ತು? ಮೊದಲನೆಯದು ಒಂದೂವರೆ ತಾಸು, ಎರಡನೆಯದು ಮೂರರ ಮೇಲೆ. ಅವನು ತಲೆಯಾಡಿಸಿದ, ಅಷ್ಟೇ.

ನನ್ನ ಸ್ಕೂಟರಿನ ಹಿಂದೆ ಕೂತು ಬರುವಾಗ ಕೇಳಿದ: "ನಿಮಗ ಯಾವದು ಅನಸತದ್ರಿ ಸಿಟಿ?" ನಾನು ದಾರಿಯುದ್ದಕ್ಕೂ ಹೇಳಿದೆ. ದೇವನಾಗರಿ ಅಕ್ಷರಗಳ ತಂತ್ರಾಂಶ ಭಾರ, ಅದಕ್ಕೆ ರ್‍ಯಾಮ್ ಬೇಕು. ನೂರಾ ಮೂವತ್ತಮೂರು ಇಂದು ನಡೆದೀತು, ಎರಡು ವರ್ಷಕ್ಕೆ ನಿಂತೀತು. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಇವತ್ತಿಗೂ ಯಾರಾದರೂ ತಪಾಸಣೆ ಮಾಡಬಹುದು. ಅವನು "ಭಾಳ ಅಭ್ಯಾಸ ಮಾಡೀರಿ" ಎಂದ. ಹೊಗಳಿಕೆಯೋ ಚೇಷ್ಟೆಯೋ ಎಂದು ಕನ್ನಡಿಯಲ್ಲಿ ನೋಡಿದೆ. ಮುಖ ಎಂದಿನ ಹಾಗೆಯೇ ಇತ್ತು.

ಸಾಹುಕಾರರು ಕಾರಖಾನೆಯಲ್ಲಿದ್ದರು. ಮಗ್ಗಗಳ ಸದ್ದಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂರುವುದು ಅವರ ಪದ್ಧತಿ. ಬೆಲೆಯ ಮಾತನ್ನು ಅಂಗಡಿಯವರೊಂದಿಗೆ ಅವರೇ ಮುಗಿಸಿದ್ದರು, ಎರಡಕ್ಕೂ ತಯಾರಿದ್ದರು. ನಮ್ಮ ಬಾಯಿಂದ ಬರಬೇಕಾದದ್ದು ಒಂದು ಮಾತು. ಹಿರಿಯನೆಂದು ನಾನೇ ಶುರು ಮಾಡಿದೆ. ಮೆಗಾಹರ್ಟ್ಸಿನಿಂದ ಹಿಡಿದು ಪರದೆಯತನಕ ಎಲ್ಲ ಹೇಳಿದೆ. ಸದ್ದಿನಲ್ಲಿ ಅವರಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ.

"ಅಷ್ಟೆಲ್ಲ ಬ್ಯಾಡ" ಎಂದರು. "ಎರಡರಾಗ ಫರಕ ಏನ, ಒಂದ ಮಾತಿನಾಗ ಹೇಳು."

ಒಂದು ಮಾತಿನಲ್ಲಿ ಹೇಳುವುದು ನನ್ನ ಕಸುಬಲ್ಲ, ಅವನದು. ಆದರೂ ಹೇಳಿದೆ.

"ಒಂದು ಜೋರ ಅದ ರಿ. ಇನ್ನೊಂದು ಹಳೂ ಅದ."

"ಹಳೂ ಅದ?"

"ಹೂಂ ರಿ. ಹಳೂ ನಡೀತದ."

ಸಾಹುಕಾರರ ಮುಖ ಅರಳಿತು. "ಅಂದ್ರ ಎಳಿ ಹರಿಯೂದಿಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಮೂಲೆಯ ಮಗ್ಗವೊಂದನ್ನು ತೋರಿಸಿದರು. "ಅಲ್ಲಿ ನೋಡು. ಹೋದ ವರ್ಷ ತಂದದ್ದು, ಕುದರಿ ಓಡಿಧಂಗ ಓಡತದ. ತಾಸಿಗೊಮ್ಮೆ ಎಳಿ ಹರೀತದ. ನಿಲ್ಲಸು, ಗಂಟ ಹಾಕು, ಮತ್ತ ಚಾಲೂ ಮಾಡು. ಈ ಕಡೀದು ನಮ್ಮಪ್ಪನ ಕಾಲದ್ದು. ಹಳೂ ಅದ. ಸಂಜಿಗೆ ಯಾವುದರ ಚಾದರ ಹೆಚ್ಚ ಆಗ್ತಾವ ಹೇಳು?"

"ಇದು ಮಗ್ಗ ಅಲ್ರಿ ಸಾಹುಕಾರ್ರ."

"ಮಷೀನ ಹೌದಲ್ಲೋ?"

"ಮಷೀನ ಖರೆ, ಆದರ..."

"ಮತ್ತ? ಹಳೂ ಇರಬೇಕೋ ಮಷೀನ." ಅವನ ಕಡೆ ತಿರುಗಿದರು. "ನೀ ಏನಂತಿ, ಅಕ್ಕಲಕೋಟ?"

ಅವನು ಚಪ್ಪಲಿ ನೋಡಿಕೊಳ್ಳುತ್ತ ನಿಂತಿದ್ದ. "ಸಿಟಿ ಅವರು ಅಂದದ್ದ ಖರೆ ಅದ ರಿ. ಹಳೂ ಅದ."

"ಹಂಗಾರ ಅದನ್ನ ತರಸೂಣು. ನೀನ ತಗೋ. ನೀನೂ ಹಳೂ ಮನಷ್ಯಾ."

ಕೆಲಸ ಅಲ್ಲಿಗೆ ಮುಗಿಯಿತು. ಜಿಲ್ಲಾ ಪ್ರತಿನಿಧಿಯ ಹುದ್ದೆ ಒಂದು ಶಬ್ದದ ಮೇಲೆ ಹೋಯಿತು, ಆ ಶಬ್ದ ನನ್ನದು. ಅವನು ಸುಳ್ಳು ಹೇಳಲಿಲ್ಲ, ನನ್ನ ವಿರುದ್ಧ ಒಂದು ಅಕ್ಷರ ಆಡಲಿಲ್ಲ. ಎರಡೂ ಮಾತಾಡಲಿ ಎಂದು ಬಿಟ್ಟ, ನಾನು ಮಾತಾಡಿದೆ. ಹೊರಗೆ ಬಂದಾಗ "ಚಹಾ ಕುಡಿಯೂಣೇನ್ರಿ?" ಎಂದ. ನನಗೆ ಕೋರ್ಟಿನಲ್ಲಿ ಕೆಲಸವಿದೆ ಎಂದೆ. ಅವತ್ತು ಕೋರ್ಟಿಗೆ ರಜೆ. ಅದು ಅವನಿಗೂ ಗೊತ್ತಿತ್ತು.

ನಂತರದ ಎರಡು ವರ್ಷ ಫೋನಿನ ತಂತಿಯಲ್ಲಿ ಬರುವ ಅವನ ಬರಹವನ್ನು ತಿದ್ದುವ ಕೆಲಸವೂ ನನ್ನ ಪಾಲಿಗೆ ಬಂತು. ಉದ್ದವಾಗಿದ್ದರೆ ಕತ್ತರಿಸು ಎಂಬ ಅಧಿಕಾರವಿತ್ತು. ಕತ್ತರಿ ಹಿಡಿದು ಕೂತೇ ಓದುತ್ತಿದ್ದೆ. ತೆಗೆಯಬಹುದಾದ ಒಂದು ಶಬ್ದ ಸಿಗುತ್ತಿರಲಿಲ್ಲ. ಒಮ್ಮೆ ಒಂದು 'ಮತ್ತು' ತೆಗೆದೆ. ಮರುದಿನ ಅಚ್ಚಾದದ್ದನ್ನು ಓದಿದರೆ ವಾಕ್ಯ ಕುಂಟುತ್ತಿತ್ತು.

ನವೀ ಪೇಠದ ಅಂಗಡಿಯ ಗಾಜಿನ ಹಿಂದೆ ಆ ನೂರಾ ಅರವತ್ತಾರು ಕೆಲವು ತಿಂಗಳು ಇತ್ತು. ಆ ದಾರಿಯಲ್ಲಿ ಕೆಲಸವಿಲ್ಲದಿದ್ದರೂ ಹೋಗುತ್ತಿದ್ದೆ. ಒಂದು ದಿನ ಇರಲಿಲ್ಲ. ಯಾರೋ ಡಾಕ್ಟರು ಮಗಳಿಗೆಂದು ಒಯ್ದರಂತೆ. ನೋಡದ ಆ ಹುಡುಗಿಯ ಮೇಲೂ ಹೊಟ್ಟೆ ಉರಿಯಿತು.

ಒಂದು ಗುರುವಾರ ಕೆಲಸದ ಮೇಲೆ ಅಕ್ಕಲಕೋಟಕ್ಕೆ ಹೋದಾಗ ಅವನನ್ನು ಮಷೀನಿನೊಂದಿಗೆ ಕಂಡೆ. ದೇವಸ್ಥಾನಕ್ಕೆ ಬಂದ ಮಂದಿಯಿಂದ ಬಸ್ ಸ್ಟ್ಯಾಂಡು ತುಂಬಿತ್ತು. ಅವನು ತನ್ನ ಬಾಕಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಗುಂಡಿ ಒತ್ತಿದ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ಏಳುವುದಕ್ಕೆ ಒಂದು ಚಹಾ ಮಾಡಿ ಕುಡಿಯುವಷ್ಟು ಹೊತ್ತು ಬೇಕಾಯಿತು, ದೇವನಾಗರಿ ಅಕ್ಷರ ಮೂಡುವುದಕ್ಕೆ ಮತ್ತೊಂದು ಚಹಾ. ಒಬ್ಬೊಬ್ಬರಾಗಿ ಮಂದಿ ಕೂಡಿದರು. ನಮ್ಮಲ್ಲಿ ಪೇಟಿ ಎಂದರೆ ಹಾರ್ಮೋನಿಯಂ.

"ಪೇಟಿ ತಂದೀರಿ, ಭಜನಿ ಎಲ್ಲಿ ಅದ್ರಿ ಇವತ್ತ?" ಎಂದು ಒಬ್ಬ ಮುದುಕ ಕೇಳಿದ.

"ಸೂರ ಹಿಡಿಯಾಕತ್ತದ. ಅಲ್ಲೀತನಕಾ ನೀವ ಒಂದ ಪದಾ ಹಾಡ್ರಿ."

ಮುದುಕ ಹಾಡಲಿಲ್ಲ. ನಕ್ಕು ಪಕ್ಕದಲ್ಲಿ ಕೂತ. ಮೊದಲು ತನ್ನ ಮಂಡಿನೋವು ಹೇಳಿದ, ಆಮೇಲೆ ಮಗನನ್ನು, ಆಮೇಲೆ ತಮ್ಮೂರಿನ ಕೆರೆಯಲ್ಲಿ ಹೂಳೆತ್ತಿದ ಹಾಗೆ ತೋರಿಸಿ ಎತ್ತದೆ ಬಿಟ್ಟ ಸಂಗತಿಯನ್ನು ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ. ಅಕ್ಷರ ಮೂಡುವಷ್ಟರಲ್ಲಿ ಬರೆಯಬೇಕಾದದ್ದು ಎದುರಿಗೇ ಕೂತಿತ್ತು. ಅಕ್ಕಲಕೋಟ ಎರಡು ಬೆರಳಿನಲ್ಲಿ ಟೈಪು ಮಾಡಿದ. ಪಕ್ಕದಲ್ಲಿ ಕೂತ ನನಗೆ ಪರದೆ ಬೂದಿಯಾಗಿ ಕಂಡಿತು, ಒಂದು ಸಾಲೂ ಓದಲಾಗಲಿಲ್ಲ. ಮರುದಿನ ಮೊದಲ ಪುಟದಲ್ಲಿ ಓದಿದೆ.

ನೂರಾ ಅರವತ್ತಾರಾಗಿದ್ದರೆ ಚಹಾ ಬರುವ ಮೊದಲೇ ತೆರೆದುಕೊಳ್ಳುತ್ತಿತ್ತು, ಮುದುಕ ಕೂರುತ್ತಿರಲಿಲ್ಲ. ಸೊಲ್ಲಾಪುರಕ್ಕೆ ಮರಳುವ ಬಸ್ಸಿನಲ್ಲಿ ಕೂತು ಈ ಯೋಚನೆಯನ್ನು ತಳ್ಳಿಹಾಕಲು ನೋಡಿದೆ. ಮಷೀನಿನ ದೋಷವೂ ಒಬ್ಬ ಮನುಷ್ಯನ ಕೈಗೆ ಬಂದರೆ ಗುಣವಾಗುತ್ತದೆ ಎಂದರೆ ಅದನ್ನು ಯಾವ ಮಾಸಿಕದಲ್ಲಿ ಓದಿ ಕಲಿಯಬೇಕು?

ದಶಕ ಮುಗಿಯುವ ಹೊತ್ತಿಗೆ ಅವನು ಕೆಲಸ ಬಿಟ್ಟ. ಅಣ್ಣ ಹಾಸಿಗೆ ಹಿಡಿದಿದ್ದ, ನಾಗಣಸೂರದ ಹೊಲ ನೋಡುವವರಿರಲಿಲ್ಲ. "ಇನ್ನ ಸಿಟೀನ ಜಿಲ್ಲಾ ಪ್ರತಿನಿಧಿ" ಎಂದರು ಸಾಹುಕಾರರು, ಉಳಿದ ಸಾಮಾನು ಹಂಚುವವರ ಹಾಗೆ. ಅವನು ಮಷೀನಿನ ಚೀಲ ಹೆಗಲಿಗೆ ಹಾಕಿಕೊಂಡು ಕಚೇರಿಗೆ ಬಂದು ಅದನ್ನು ನನ್ನ ಮೇಜಿನ ಮೇಲಿಟ್ಟ.

"ತಗೋರಿ ಸಿಟಿ. ಆವಾಗ ಹಳೂ ಇತ್ತು. ಈಗ ಹಳೇದೂ ಆಗ್ಯಾದ."

ಕೋಣೆಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಜೋಕು ಚೆನ್ನಾಗಿತ್ತು, ನನ್ನದಾಗಿರಲಿಲ್ಲ.

ಕಳಿಸಲು ಮೆಟ್ಟಿಲ ತನಕ ಹೋದೆ. ಒಂದು ವಾಕ್ಯ ಬಹಳ ದಿನದಿಂದ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ಅವತ್ತು ಹೇಳಿಬಿಡುವುದೆಂದು ಅಂದುಕೊಂಡಿದ್ದೆ. ಅವನು ಕೆಳಗಿನ ಮೆಟ್ಟಿಲಲ್ಲಿ ನಿಂತು ತಿರುಗಿದ.

"ಒಂದ ಮಾತ ಹೇಳ್ಲೇನ್ರಿ? ನಿಮ್ಮ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚ ಇತ್ತು."

"ನನ್ನ ಮ್ಯಾಲ?"

"ಆ ದುಕಾನದಾಗ ಮಾತಾಡಿದ್ರಲ್ಲ ಆವತ್ತ. ಅಂಗಡಿಯಂವನೂ ಬಾಯಿ ತಕ್ಕೊಂಡು ಕೇಳಾಕತ್ತಿದ್ದ. ನನಗ ಒಂದ ಅಕ್ಷರ ತಿಳೀಲಿಲ್ಲ. ಮನೀಗೆ ಹೋಗಿ ಊಟಾ ಸುದ್ದಾ ಮಾಡ್ಲಿಲ್ಲ ನಾನು."

ನನ್ನ ಬಾಯಲ್ಲಿದ್ದ ವಾಕ್ಯವೂ ಅದೇ, ಹೆಚ್ಚುಕಡಿಮೆ ಅವೇ ಶಬ್ದಗಳು. ಇನ್ನು ಹೇಳಿದರೆ ಅವನದನ್ನು ನಕಲು ಮಾಡಿದ ಹಾಗೆ. ಪತ್ರಿಕೆಯ ಕೆಲಸದಲ್ಲಿ ಮೊದಲು ಕೊಟ್ಟವನದೇ ಸುದ್ದಿ. ಅದನ್ನೂ ಅವನೇ ಮೊದಲು ಕೊಟ್ಟ.

"ಹಳೂಕ ಹೋಗ್ರಿ" ಎಂದೆ.

ಆ ವಾರವೇ ಜಿಲ್ಲಾ ಪ್ರತಿನಿಧಿಯಾಗಿ ಅಕ್ಕಲಕೋಟಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅದೇ ಬಾಕಿನ ಮೇಲೆ ಕೂತೆ. ಮಷೀನು ತೆರೆದು ಗುಂಡಿ ಒತ್ತಿ ಚಹಾ ಹೇಳಿದೆ. ಪರದೆ ಬೆಳಗಾಗುವುದನ್ನು ಕಾದೆ. ಎರಡನೆಯ ಚಹಾವೂ ಬಂತು. ಮಂದಿ ಬಸ್ ಇಳಿಯುತ್ತಿದ್ದರು, ಹತ್ತುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ. ಕಡೆಗೆ ಒಬ್ಬ ನಡುವಯಸ್ಸಿನ ಮನುಷ್ಯ ಬಂದು ನಿಂತ. ಸಲಗರ ಬುದ್ರುಕದಿಂದ ಎರಡು ಬಸ್ ಬದಲಿಸಿ ಬಂದಿದ್ದನಂತೆ. ಮಷೀನನ್ನು ನೋಡಿದ, ನನ್ನನ್ನು ನೋಡಿದ.

"ಇದು ಅಣ್ಣಾರ ಪೇಟಿ ಹೌದಲ್ರಿ?"

"ಹೌದು."

"ಅವರು ಯಾವಾಗ ಬರ್ತಾರ್ರಿ?"

"ಬರೂದಿಲ್ಲ. ಇನ್ನ ಮ್ಯಾಲ ನಾನ. ಕೂಡ್ರಿ, ಏನ ಅದ ಹೇಳ್ರಿ, ಬರಕೋತೀನಿ."

ಅವನು ಕೂರಲಿಲ್ಲ. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಇರ್ಲಿ ಬಿಡ್ರಿ" ಎಂದ. "ಅಂಥಾದ್ದೇನಿಲ್ಲ."

ನಾಗಣಸೂರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೋಟೆಲಿನವನನ್ನು ಕೇಳಿಕೊಂಡು ಹೋದ. ಅಷ್ಟರಲ್ಲಿ ನನ್ನ ಮುಂದೆ ಅಕ್ಷರ ಮೂಡಿದ್ದವು. ಅವನು ತಂದಿದ್ದ ಸುದ್ದಿ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.